ಮಕ್ಕಳು, ಹಿರಿಯರ ಜೊತೆ ದಿಲ್ಲಿ: ಏನು ನೋಡಬೇಕು, ಏನು ಬಿಡಬೇಕು?

ಪ್ರಶ್ನೆ: ನಾವು ದಾವಣಗೆರೆಯವರು. ದಸರಾ ರಜೆಯಲ್ಲಿ ದಿಲ್ಲಿ ನೋಡುವ ಆಸೆ ಇದೆ. ನಾನು, ನಮ್ಮ ಮನೆಯವರು, 5 ವರ್ಷದ ಮಗಳು, 11 ವರ್ಷದ ಮಗ, ಜೊತೆಗೆ ಅತ್ತೆ-ಮಾವ. ಅತ್ತೆಯವರಿಗೆ ಮಂಡಿನೋವು. ಕೈಯಲ್ಲಿರುವುದು ನಾಲ್ಕು ದಿನ. ಟ್ರಾವೆಲ್ಸ್‌ನವರು ಒಂದೇ ದಿನದಲ್ಲಿ ಹತ್ತು ಜಾಗ ತೋರಿಸಿ, ಮರುದಿನ ಆಗ್ರಾಕ್ಕೆ ಕರೆದುಕೊಂಡು ಹೋಗುವ ಪ್ಯಾಕೇಜ್ ಹೇಳುತ್ತಿದ್ದಾರೆ. ಒಪ್ಪಬಹುದಾ? ಮಕ್ಕಳಿಗೆ ಇಷ್ಟವಾಗುವಂಥದ್ದು ಅಲ್ಲಿ ಏನಿದೆ? ಓಡಾಟ, ಊಟಕ್ಕೆ ಏನು ಮಾಡಬೇಕು?

ಉತ್ತರ:

ಮೊದಲು ಆ ಪ್ಯಾಕೇಜ್ ವಿಷಯ ಮುಗಿಸೋಣ. ಅದನ್ನು ಒಪ್ಪಬೇಡಿ. ಹತ್ತು ಜಾಗಗಳಲ್ಲಿ ನಾಲ್ಕೈದನ್ನು ಬಸ್ಸಿನ ಕಿಟಕಿಯಿಂದಲೇ ತೋರಿಸುತ್ತಾರೆ. ಉಳಿದ ಕಡೆ ಇಳಿಸಿ ಮುಕ್ಕಾಲು ಗಂಟೆ ಕೊಡುತ್ತಾರೆ. ಅದರಲ್ಲಿ ಅರ್ಧ ಟಿಕೆಟ್ ಸಾಲಿಗೆ, ಬ್ಯಾಗ್ ತಪಾಸಣೆಗೆ, ಶೌಚಾಲಯ ಹುಡುಕುವುದಕ್ಕೆ ಹೋಗುತ್ತದೆ. ದಿಲ್ಲಿ ಅಷ್ಟು ದೊಡ್ಡ ಊರು. ದಕ್ಷಿಣದ ಕುತುಬ್ ಮಿನಾರಿನಿಂದ ಉತ್ತರದ ಕೆಂಪು ಕೋಟೆಗೆ ಹೆಚ್ಚುಕಡಿಮೆ 20 ಕಿ.ಮೀ. ಟ್ರಾಫಿಕ್ ಇದ್ದರೆ ಒಂದು ಗಂಟೆ ಮೀರುತ್ತದೆ. ಇಂಥ ಊರಿನಲ್ಲಿ ಹತ್ತು ಜಾಗ ಅಂದರೆ ದಿನವೆಲ್ಲ ವಾಹನದಲ್ಲೇ ಕೂತಿರಬೇಕು. ಮಧ್ಯಾಹ್ನ ಮೂರು ಗಂಟೆಗೆ ಮಗಳು ಅಳಲು ಶುರು ಮಾಡುತ್ತಾಳೆ, ಅತ್ತೆಯವರು ಬಸ್ಸಿನಿಂದ ಇಳಿಯುವುದೇ ಬೇಡ ಅನ್ನುತ್ತಾರೆ.

ಮನೆಮಂದಿಯೆಲ್ಲ ಸೇರಿ ಬಂದಾಗ ನಾನು ಹೇಳುವ ಕ್ರಮ ಸುಲಭವಾದದ್ದು. ಬೆಳಿಗ್ಗೆ ನಡೆದಾಡಬೇಕಾದ ಒಂದೇ ಜಾಗ. ಮಧ್ಯಾಹ್ನ ಊಟ, ವಿಶ್ರಾಂತಿ, ಬೇಕಾದರೆ ತಂಪಾದ ಒಂದು ಒಳಾಂಗಣ. ಸಂಜೆ ಹುಲ್ಲು, ಮರ, ಬಯಲು ಇರುವ ಒಂದು ಜಾಗ. ಮೂರೂ ಆದಷ್ಟು ನಗರದ ಒಂದೇ ದಿಕ್ಕಿನಲ್ಲಿ ಇರಲಿ. ಯಾವ ಜಾಗ ಎಂಬುದನ್ನು ಅತ್ತೆಯವರ ಮಂಡಿ ಮತ್ತು ಮಗಳ ತಾಳ್ಮೆ ನೋಡಿ ತೀರ್ಮಾನಿಸಿ. ಪಟ್ಟಿಯಲ್ಲಿ ಎಷ್ಟು ಹೆಸರಿಗೆ ಗುರುತು ಬಿತ್ತು ಎಂದು ಲೆಕ್ಕ ಹಾಕಬೇಡಿ.

ನೀವು ಆರಿಸಿಕೊಂಡ ಸಮಯ ಚೆನ್ನಾಗಿದೆ. ಮಳೆಗಾಲ ಸೆಪ್ಟೆಂಬರ್ ಕೊನೆಯ ಹೊತ್ತಿಗೆ ದಿಲ್ಲಿ ಬಿಟ್ಟಿರುತ್ತದೆ. ಅಕ್ಟೋಬರ್ ಮೊದಲ ವಾರಗಳಲ್ಲಿ ಮಧ್ಯಾಹ್ನ ಬಿಸಿಲು ಜೋರಾಗೇ ಇದ್ದರೂ ಬೆಳಿಗ್ಗೆ, ಸಂಜೆ ಹಿತವಾಗಿರುತ್ತವೆ. ಮಕ್ಕಳಿಗೆ ಬೇಸಿಗೆ ರಜೆ ಇದೆಯಲ್ಲ ಎಂದು ಏಪ್ರಿಲ್-ಮೇನಲ್ಲಿ ಬರುವವರು ಬಹಳ. ಆಗ ಬಿಸಿಲು 45 ಡಿಗ್ರಿಯ ಹತ್ತಿರ ಹೋಗುತ್ತದೆ, ಹೊರಗೆ ಹೆಜ್ಜೆ ಇಡುವುದೇ ಕಷ್ಟ. ದೀಪಾವಳಿಯ ತನಕ ಮುಂದೂಡುವುದೂ ಬೇಡ. ಅಕ್ಟೋಬರ್ ಕೊನೆಯಿಂದ ಗಾಳಿಯ ವೇಗ ಕಡಿಮೆಯಾಗಿ ವಾಹನದ ಹೊಗೆ, ಧೂಳು, ಪಂಜಾಬ್-ಹರಿಯಾಣದ ಗದ್ದೆಗಳಲ್ಲಿ ಕೂಳೆ ಸುಡುವ ಹೊಗೆ, ಪಟಾಕಿ ಹೊಗೆ ಎಲ್ಲ ಊರ ಮೇಲೇ ನಿಂತುಬಿಡುತ್ತದೆ. ಚಿಕ್ಕ ಮಕ್ಕಳಿಗೆ, ಉಸಿರಿನ ತೊಂದರೆ ಇರುವ ಹಿರಿಯರಿಗೆ ಅದು ಒಳ್ಳೆಯದಲ್ಲ. ಡಿಸೆಂಬರ್-ಜನವರಿಯಲ್ಲಿ ದಟ್ಟ ಮಂಜಿನಿಂದ ರೈಲು, ವಿಮಾನ ಗಂಟೆಗಟ್ಟಲೆ ತಡವಾಗುತ್ತವೆ. ದಸರಾ ತಪ್ಪಿದರೆ ನಿಮಗೆ ಇನ್ನೊಂದು ಒಳ್ಳೆಯ ಕಾಲ ಫೆಬ್ರವರಿ ಮಧ್ಯದಿಂದ ಮಾರ್ಚ್ ಮಧ್ಯದವರೆಗೆ. ಆಗ ರಾಷ್ಟ್ರಪತಿ ಭವನದ ಅಮೃತ್ ಉದ್ಯಾನವೂ ಜನರಿಗೆ ತೆರೆದಿರುತ್ತದೆ. ಆದರೆ ಶಾಲೆಗೆ ರಜೆ ಇರುವುದಿಲ್ಲ, ಅದು ನಿಮ್ಮ ತೀರ್ಮಾನ.

ಇನ್ನೊಂದು ಮುಖ್ಯ ವಿಷಯ ಸೋಮವಾರ. ದಿಲ್ಲಿಯ ಅರ್ಧ ಭಾಗ ಸೋಮವಾರ ಬಾಗಿಲು ಹಾಕುತ್ತದೆ. ಕೆಂಪು ಕೋಟೆ, ಅಕ್ಷರಧಾಮ, ಲೋಟಸ್ ಟೆಂಪಲ್, ರೈಲ್ವೆ ಮ್ಯೂಸಿಯಂ, ನ್ಯಾಷನಲ್ ಮ್ಯೂಸಿಯಂ, ನೆಹರೂ ತಾರಾಲಯ, ಗೊಂಬೆಗಳ ಮ್ಯೂಸಿಯಂ ಎಲ್ಲಕ್ಕೂ ಅಂದು ರಜೆ. ಮೃಗಾಲಯಕ್ಕೆ ಶುಕ್ರವಾರ ರಜೆ. ಹಾಗಾಗಿ ನಿಮ್ಮ ನಾಲ್ಕು ದಿನದಲ್ಲಿ ಸೋಮವಾರ ಎಲ್ಲಿ ಬೀಳುತ್ತದೆ ನೋಡಿ. ಆ ದಿನವನ್ನು ಕುತುಬ್ ಮಿನಾರ್, ಜಂತರ್ ಮಂತರ್, ಸುಂದರ್ ನರ್ಸರಿ, ನ್ಯಾಷನಲ್ ಸೈನ್ಸ್ ಸೆಂಟರ್, ಇಂಡಿಯಾ ಗೇಟ್ ಇಂಥವಕ್ಕೆ ಇಟ್ಟುಕೊಳ್ಳಿ. ಇಷ್ಟು ಮಾಡಿದರೆ ಅರ್ಧ ಪ್ಲಾನ್ ತಾನಾಗೇ ಆಗುತ್ತದೆ.

ಈಗ ಮಕ್ಕಳ ವಿಷಯ. ನಿಮ್ಮ ಕುಟುಂಬದ ಆರೂ ಜನಕ್ಕೆ ಒಟ್ಟಿಗೆ ಇಷ್ಟವಾಗುವ ಒಂದೇ ಜಾಗ ಹೇಳಿ ಅಂದರೆ ನಾನು ಹೇಳುವುದು ಚಾಣಕ್ಯಪುರಿಯ ನ್ಯಾಷನಲ್ ರೈಲ್ ಮ್ಯೂಸಿಯಂ. 1977ರಿಂದ ಇದೆ. ಆದರೂ ಪ್ಯಾಕೇಜ್‌ಗಳಲ್ಲಿ ಇದರ ಹೆಸರು ಅಪರೂಪ. ದೊಡ್ಡ ಬಯಲಿನಲ್ಲಿ ಹಳೇ ಎಂಜಿನ್‌ಗಳು, ಬೋಗಿಗಳು ಸಾಲಾಗಿ ನಿಂತಿವೆ. ನೆಲ ಸಮತಟ್ಟು, ಕೂರಲು ಮರದ ನೆರಳಿದೆ. ಮಗಳಿಗೆ ಆವರಣದೊಳಗೆ ಸುತ್ತು ಹೊಡೆಯುವ ಪುಟ್ಟ ರೈಲು ಸಾಕು. ಅದಕ್ಕೆ ಬೇರೆ ಟಿಕೆಟ್, ಸಾಲು ಉದ್ದವಾಗುವ ಮುಂಚೆ, ಒಳಗೆ ಹೋದ ಕೂಡಲೇ ತೆಗೆದುಕೊಳ್ಳಿ. ಮಗನಿಗೆ ಒಳಗಿನ ಗ್ಯಾಲರಿಯಲ್ಲಿ ರೈಲು ಓಡಿಸುವ ಅನುಭವ ಕೊಡುವ ಸಿಮ್ಯುಲೇಟರ್ ಇದೆ.

ಅವನಿಗೆ ತಪ್ಪದೆ ತೋರಿಸಬೇಕಾದ್ದು ಪಟಿಯಾಲಾ ಸಂಸ್ಥಾನದ ಮಾನೋರೈಲು, 1907ರದ್ದು. ಅದರ ಭಾರದ ಬಹುಪಾಲು ಒಂದೇ ಹಳಿಯ ಮೇಲೆ. ಪಕ್ಕಕ್ಕೆ ಒಂದು ದೊಡ್ಡ ಚಕ್ರ, ಅದು ರಸ್ತೆಯ ಮೇಲೆ ಉರುಳುತ್ತಾ ಗಾಡಿ ಮಗುಚದಂತೆ ನೋಡಿಕೊಳ್ಳುತ್ತದೆ. ಇದು ಹೇಗೆ ಬೀಳದೆ ಓಡುತ್ತಿತ್ತು ಎಂದು ಕೇಳಿ, ಉತ್ತರ ಅವನೇ ಹುಡುಕಲಿ. 1894ರಲ್ಲಿ ಮೇಲ್ ರೈಲಿಗೆ ಡಿಕ್ಕಿ ಹೊಡೆದು ಸತ್ತ ಒಂದು ಆನೆಯ ತಲೆಬುರುಡೆಯೂ ಇಲ್ಲಿದೆ. ಮಕ್ಕಳು ಅದರ ಮುಂದೆ ನಿಂತರೆ ಬೇಗ ಕದಲುವುದಿಲ್ಲ.

ಮಾವನವರಿಗೆ ಇಲ್ಲಿ ಬೇರೆಯೇ ಒಂದು ಆಕರ್ಷಣೆ ಇದೆ. ಮೈಸೂರು ಮಹಾರಾಜರ ಸಲೂನ್ ಬೋಗಿ, 1899ರಲ್ಲಿ ತಯಾರಾದದ್ದು, ಇದೇ ಮ್ಯೂಸಿಯಂನಲ್ಲಿ ಇದೆ. ತೇಗದ ಮರದ ಕೆಲಸ, ಒಳಗೆ ಅರಮನೆಯ ಕೋಣೆಯ ಹಾಗೆ ವ್ಯವಸ್ಥೆ. ಸಾವಿರಾರು ಕಿಲೋಮೀಟರ್ ದೂರದಲ್ಲಿ ನಮ್ಮ ಮೈಸೂರಿನ ಗಾಡಿ ನಿಂತಿರುವುದನ್ನು ಕಂಡರೆ ಹಿರಿಯರ ಮುಖ ಅರಳುತ್ತದೆ. ಅಜ್ಜ ಮೊಮ್ಮಗನಿಗೆ ಕಥೆ ಹೇಳಲು ಒಳ್ಳೆಯ ಜಾಗ, ಅಲ್ವಾ? ಇಲ್ಲಿಗೆ ಎರಡೂವರೆ-ಮೂರು ಗಂಟೆ ಇಟ್ಟುಕೊಳ್ಳಿ. ಭಾನುವಾರ ಜನ ಜಾಸ್ತಿ, ವಾರದ ದಿನವಾದರೆ ಒಳ್ಳೆಯದು.

ಅಲ್ಲಿಂದ ಸ್ವಲ್ಪ ದೂರದಲ್ಲೇ ತೀನ್ ಮೂರ್ತಿ ಭವನದ ಆವರಣ. ಅಲ್ಲಿ ನೆಹರೂ ತಾರಾಲಯ ಇದೆ. ಊಟ ಮಾಡಿ, ಮಧ್ಯಾಹ್ನದ ಬಿಸಿಲಿನಲ್ಲಿ ಅದರೊಳಗೆ ಕೂತುಬಿಡಿ. ಪ್ರದರ್ಶನಗಳು ಹಿಂದಿ, ಇಂಗ್ಲಿಷ್‌ನಲ್ಲಿ ಬೇರೆ ಬೇರೆ ಹೊತ್ತಿಗೆ ಇರುತ್ತವೆ, ಹೊರಡುವ ಮುಂಚೆ ಸಮಯ ನೋಡಿಕೊಳ್ಳಿ. ಪ್ರದರ್ಶನಕ್ಕಿಂತ ಹೆಚ್ಚಾಗಿ ನಿಮ್ಮ ಮಗನಿಗೆ ತೋರಿಸಬೇಕಾದ್ದು ಅಲ್ಲಿರುವ ಸೋಯುಜ್ ಟಿ-10 ಗಗನನೌಕೆಯ ಭಾಗ. 1984ರಲ್ಲಿ ರಾಕೇಶ್ ಶರ್ಮಾ ಅವರು ಬಾಹ್ಯಾಕಾಶದಿಂದ ಭೂಮಿಗೆ ಇಳಿದು ಬಂದದ್ದು ಅದರಲ್ಲೇ. ಮೂರು ಜನ ಅದರೊಳಗೆ ಹೇಗೆ ಕೂತಿದ್ದರು ಎಂದು ನೋಡಿದವರಿಗೆಲ್ಲ ಆಶ್ಚರ್ಯವಾಗುತ್ತದೆ, ಅಷ್ಟು ಇಕ್ಕಟ್ಟು. ಅವರ ನಂತರ ಇನ್ನೊಬ್ಬ ಭಾರತೀಯ, ಶುಭಾಂಶು ಶುಕ್ಲಾ, ಬಾಹ್ಯಾಕಾಶಕ್ಕೆ ಹೋಗಿದ್ದು 2025ರಲ್ಲಿ. ಆ ಸುದ್ದಿ ಟಿವಿಯಲ್ಲಿ ನೋಡಿದ ಹುಡುಗನಿಗೆ ಈ ನೌಕೆ ಮುಟ್ಟುವಷ್ಟು ಹತ್ತಿರದಲ್ಲಿ ಸಿಗುವುದು ಸಣ್ಣ ವಿಷಯ ಅಲ್ಲ. ಅದೇ ಆವರಣದಲ್ಲಿ 2022ರಲ್ಲಿ ತೆರೆದ ಪ್ರಧಾನಮಂತ್ರಿ ಸಂಗ್ರಹಾಲಯವೂ ಇದೆ. ಮಾವನವರಿಗೆ ರಾಜಕೀಯದಲ್ಲಿ ಆಸಕ್ತಿ ಇದ್ದರೆ ಅವರನ್ನು ಅಲ್ಲಿಗೆ ಕಳಿಸಿ. ಐದು ವರ್ಷದ ಮಗುವಿಗೆ ಅದು ಬೇಡ.

ಸಂಜೆಗೆ ಇಂಡಿಯಾ ಗೇಟ್. ಹಗಲು ಹೊತ್ತಿನಲ್ಲಿ ಅಲ್ಲಿಗೆ ಹೋಗಬೇಡಿ, ನೆರಳೇ ಇಲ್ಲ. ಬಿಸಿಲು ಇಳಿದ ಮೇಲೆ ಅದೇ ಜಾಗ ಬೇರೆಯಾಗುತ್ತದೆ. ಕರ್ತವ್ಯ ಪಥದ ಹುಲ್ಲಿನ ಮೇಲೆ ಸಂಸಾರಗಳು ಕೂತಿರುತ್ತವೆ, ಮಕ್ಕಳು ಓಡಾಡುತ್ತಿರುತ್ತಾರೆ. 42 ಮೀಟರ್ ಎತ್ತರದ ಗೇಟಿಗೆ ದೀಪ ಹಾಕುತ್ತಾರೆ. ಪಕ್ಕದಲ್ಲೇ ಮಂಟಪದ ಕೆಳಗೆ 28 ಅಡಿಯ ನೇತಾಜಿ ಪ್ರತಿಮೆ ಇದೆ, ಒಂದೇ ಕಪ್ಪು ಗ್ರಾನೈಟ್ ಕಲ್ಲಿನದು. 2022ರಲ್ಲಿ ಅನಾವರಣವಾದ ಈ ಪ್ರತಿಮೆಯನ್ನು ಕೆತ್ತಿದವರು ನಮ್ಮ ಮೈಸೂರಿನ ಶಿಲ್ಪಿ ಅರುಣ್ ಯೋಗಿರಾಜ್. ಅಯೋಧ್ಯೆಯ ಬಾಲರಾಮನ ಮೂರ್ತಿ ಮಾಡಿದವರೂ ಅವರೇ. ಇದನ್ನು ಅತ್ತೆಯವರಿಗೆ ಹೇಳಲು ಮರೆಯಬೇಡಿ.

ಗೇಟಿನ ಹಿಂದೆಯೇ 2019ರಲ್ಲಿ ಆದ ರಾಷ್ಟ್ರೀಯ ಯುದ್ಧ ಸ್ಮಾರಕ. ಪ್ರವೇಶ ಉಚಿತ. ವೃತ್ತಾಕಾರದ ಗೋಡೆಗಳಲ್ಲಿ 25 ಸಾವಿರಕ್ಕೂ ಹೆಚ್ಚು ಯೋಧರ ಹೆಸರು ಕೆತ್ತಿದ್ದಾರೆ. ಪಕ್ಕದ ಉದ್ಯಾನದಲ್ಲಿ ಪರಮವೀರ ಚಕ್ರ ಪಡೆದ 21 ಜನರ ಪ್ರತಿಮೆಗಳಿವೆ. ಹನ್ನೊಂದು ವರ್ಷದ ಹುಡುಗ ಒಂದೊಂದರ ಮುಂದೆಯೂ ನಿಂತು ಓದುತ್ತಾನೆ. ಅಲ್ಲಿ ಅವಸರ ಮಾಡಬೇಡಿ.

ಎರಡನೇ ದೊಡ್ಡ ಆಯ್ಕೆ ಹುಮಾಯೂನ್ ಸಮಾಧಿ, ಅದಕ್ಕೆ ಅಂಟಿಕೊಂಡಿರುವ ಸುಂದರ್ ನರ್ಸರಿ. ಈ ಸಮಾಧಿ ಪೂರ್ತಿಯಾಗಿದ್ದು 1570ರ ಸುಮಾರಿಗೆ, ತಾಜ್ ಮಹಲಿನ ಕೆಲಸ ಶುರುವಾಗುವ 60 ವರ್ಷ ಮೊದಲು. ಗುಮ್ಮಟ, ನಾಲ್ಕು ಪಾಲು ಮಾಡಿದ ತೋಟ, ನೀರಿನ ಕಾಲುವೆ ನೋಡಿದರೆ ತಾಜ್‌ನ ರೂಪ ಎಲ್ಲಿಂದ ಬಂತು ಎಂದು ತಾನಾಗೇ ಹೊಳೆಯುತ್ತದೆ. ಕಟ್ಟಿಸಿದವರು ಹುಮಾಯೂನನ ಪತ್ನಿ ಬೇಗಾ ಬೇಗಂ. ಆದರೆ ಒಂದು ಎಚ್ಚರ. ಸಮಾಧಿಯ ಜಗಲಿಗೆ ಹತ್ತುವ ಮೆಟ್ಟಿಲುಗಳು ಕಡಿದು, ಒಂದೊಂದೂ ಎತ್ತರ. ಮಂಡಿನೋವು ಇರುವವರು ಹತ್ತಬಾರದು, ಇಳಿಯುವುದು ಇನ್ನೂ ಕಷ್ಟ. ಅತ್ತೆಯವರು ಕೆಳಗೆ ತೋಟದ ನೆರಳಲ್ಲಿ ಕೂರಲಿ. ಅಲ್ಲಿಂದಲೂ ಕಟ್ಟಡ ಪೂರ್ತಿ ಕಾಣುತ್ತದೆ. ಇಲ್ಲೇ 2024ರಲ್ಲಿ ನೆಲದಡಿಯಲ್ಲಿ ಹೊಸ ಮ್ಯೂಸಿಯಂ ತೆರೆದಿದ್ದಾರೆ. ಬಿಸಿಲು ಏರಿದಾಗ ಅದರೊಳಗೆ ಇಳಿಯಬಹುದು.

ಸುಂದರ್ ನರ್ಸರಿ 90 ಎಕರೆಯ ಉದ್ಯಾನ. ಮೊದಲು ಹೆಸರಿಗೆ ತಕ್ಕ ಹಾಗೆ ಸಸಿ ಬೆಳೆಸುವ ನರ್ಸರಿಯೇ ಆಗಿತ್ತು. ವರ್ಷಗಟ್ಟಲೆ ಕೆಲಸ ಮಾಡಿ, ಒಳಗಿನ ಮೊಗಲರ ಕಾಲದ ಕಟ್ಟಡಗಳನ್ನು ಸರಿಪಡಿಸಿ, 2018ರಲ್ಲಿ ಜನರಿಗೆ ತೆರೆದರು. ನನ್ನ ಮಟ್ಟಿಗೆ ಇಡೀ ದಿಲ್ಲಿಯಲ್ಲಿ ಸಂಸಾರ ಸಮೇತ ಸಂಜೆ ಕಳೆಯಲು ಇದಕ್ಕಿಂತ ಒಳ್ಳೆಯ ಜಾಗ ಇಲ್ಲ. ಸಮತಟ್ಟಾದ ಅಗಲ ದಾರಿ, ನೀರಿನ ಕಾರಂಜಿ, ಕೊಳ, ಬೋನ್ಸಾಯ್ ಗಿಡಗಳು, ಆಗಾಗ ಓಡಾಡುವ ನವಿಲು. ಚಾದರ ಹಾಸಿ ಕೂರಲು ಬೇಕಾದಷ್ಟು ಹುಲ್ಲು. ಮಗಳಿಗೆ ಇಲ್ಲಿ ಏನನ್ನೂ ತೋರಿಸುವುದು ಬೇಡ, ಸುಮ್ನೆ ಬಿಟ್ಟರೆ ಸಾಕು. ನೀವು, ಯಜಮಾನರು ಒಂದು ಗಂಟೆ ನೆಮ್ಮದಿಯಾಗಿ ಕಾಲು ಚಾಚಿ ಕೂರಬಹುದು. ಅದೂ ಪ್ರವಾಸದ ಒಂದು ಭಾಗವೇ.

ಕುತುಬ್ ಮಿನಾರ್ ಬೆಳಿಗ್ಗೆ ಬೇಗ ಹೋಗಬೇಕಾದ ಜಾಗ. ಹತ್ತು ಗಂಟೆಯ ಮೇಲೆ ಬಿಸಿಲಿನ ಜೊತೆ ಬಸ್ಸುಗಳೂ ಬರುತ್ತವೆ. ಆವರಣ ಬಹುಪಾಲು ಸಮತಟ್ಟು, ಅತ್ತೆಯವರಿಗೆ ತೊಂದರೆ ಆಗದು. 73 ಮೀಟರ್ ಎತ್ತರದ ಮಿನಾರಿನ ಒಳಗೆ 379 ಮೆಟ್ಟಿಲುಗಳಿವೆ, ಆದರೆ ಹತ್ತಲು ಬಿಡುವುದಿಲ್ಲ. 1981ರಲ್ಲಿ ಒಳಗೆ ದೀಪ ಆರಿ ನೂಕುನುಗ್ಗಲಾಗಿ 45 ಜನ ಸತ್ತರು, ಹೆಚ್ಚಿನವರು ಶಾಲೆಯ ಮಕ್ಕಳು. ಅಂದಿನಿಂದ ಬಾಗಿಲು ಮುಚ್ಚಿದೆ. ಮಗನಿಗೆ ಇದನ್ನು ಹೊರಡುವ ಮುಂಚೆಯೇ ಹೇಳಿಬಿಡಿ, ಅಲ್ಲಿ ಹೋಗಿ ನಿರಾಸೆ ಆಗುವುದು ಬೇಡ.

ಅವನಿಗೆ ಇಲ್ಲಿ ನಿಜವಾದ ಅಚ್ಚರಿ ಮಿನಾರಲ್ಲ, ಕಬ್ಬಿಣದ ಕಂಬ. ಏಳು ಮೀಟರಿಗಿಂತ ಎತ್ತರ, ಆರು ಟನ್‌ಗಿಂತ ಜಾಸ್ತಿ ತೂಕ, ಸುಮಾರು 1600 ವರ್ಷದ ವಯಸ್ಸು. ಮಳೆ-ಬಿಸಿಲಿಗೆ ನಿಂತೇ ಇದೆ, ತುಕ್ಕು ತಿಂದಿಲ್ಲ. ಐಐಟಿ ಕಾನ್ಪುರದ ಆರ್. ಬಾಲಸುಬ್ರಮಣ್ಯಂ ಇದರ ಕಾರಣವನ್ನು ವಿವರವಾಗಿ ಅಧ್ಯಯನ ಮಾಡಿದ್ದರು. ಆಗಿನ ಕಮ್ಮಾರರು ಇದ್ದಿಲು ಹಾಕಿ ಕಬ್ಬಿಣ ತೆಗೆಯುತ್ತಿದ್ದ ಕ್ರಮದಿಂದ ಅದರಲ್ಲಿ ರಂಜಕದ (ಫಾಸ್ಫರಸ್) ಅಂಶ ಜಾಸ್ತಿ ಉಳಿಯಿತು. ಅದು ಮೇಲ್ಮೈಯಲ್ಲಿ ತೆಳುವಾದ ಪದರವಾಗಿ ಕೂತು ಒಳಗಿನ ಕಬ್ಬಿಣವನ್ನು ಕಾಪಾಡುತ್ತಿದೆ. ಮನೆಯ ಗೇಟಿಗೆ ವರ್ಷ ವರ್ಷ ಬಣ್ಣ ಹೊಡೆದರೂ ತುಕ್ಕು ಹಿಡಿಯುವುದನ್ನು ಕಂಡ ಮಕ್ಕಳಿಗೆ ಈ ವಿಷಯ ತಟ್ಟನೆ ಅರ್ಥವಾಗುತ್ತದೆ.

ಅತ್ತೆ-ಮಾವನವರಿಗೆ ಹೆಚ್ಚು ಹಿಡಿಸುವುದು ಅಕ್ಷರಧಾಮ. 2005ರಲ್ಲಿ ಆದ ದೇವಸ್ಥಾನ, ಕಲ್ಲಿನ ಕೆತ್ತನೆ ನೋಡಿ ಮುಗಿಯುವುದಿಲ್ಲ. ಇದಕ್ಕೆ ಅರ್ಧ ದಿನ ಪೂರ್ತಿ ಬೇಕು. ಮಧ್ಯಾಹ್ನ ಮೂರರ ಹೊತ್ತಿಗೆ ಒಳಗೆ ಹೋಗಿ, ಕತ್ತಲಾದ ಮೇಲೆ ನಡೆಯುವ ನೀರು-ಬೆಳಕಿನ ಪ್ರದರ್ಶನ ನೋಡಿ ಹೊರಬನ್ನಿ. ಆ ಪ್ರದರ್ಶನದ ಕಥೆ ಕೇನೋಪನಿಷತ್ತಿನದು. ಗೆದ್ದು ಬೀಗುತ್ತಿದ್ದ ದೇವತೆಗಳ ಮುಂದೆ ಯಕ್ಷನೊಬ್ಬ ಒಂದು ಹುಲ್ಲುಕಡ್ಡಿ ಇಡುತ್ತಾನೆ, ಅಗ್ನಿಗೆ ಅದನ್ನು ಸುಡಲಾಗುವುದಿಲ್ಲ, ವಾಯುವಿಗೆ ಅಲುಗಿಸಲಾಗುವುದಿಲ್ಲ. ಅಲ್ಲಿ ಮಾತೆಲ್ಲ ಹಿಂದಿಯಲ್ಲಿ. ಅದಕ್ಕೇ ಹಿಂದಿನ ರಾತ್ರಿ ಮಾವನವರು ಮಕ್ಕಳಿಗೆ ಈ ಕಥೆ ಕನ್ನಡದಲ್ಲಿ ಹೇಳಿಬಿಟ್ಟರೆ ಆಗ ಎಲ್ಲರೂ ಆನಂದವಾಗಿ ನೋಡುತ್ತಾರೆ. ಮಗಳಿಗೆ ಒಳಗಿನ ದೋಣಿ ಸವಾರಿ ಇಷ್ಟವಾಗುತ್ತದೆ.

ಅಲ್ಲಿ ಮೊಬೈಲ್, ಕ್ಯಾಮೆರಾ, ಬ್ಯಾಗ್ ಯಾವುದನ್ನೂ ಒಳಗೆ ಬಿಡುವುದಿಲ್ಲ. ಹೊರಗೆ ಇಟ್ಟು ಚೀಟಿ ಪಡೆಯಬೇಕು, ಆ ಸಾಲು ರಜೆಯಲ್ಲಿ ಉದ್ದ ಇರುತ್ತದೆ. ಎಲ್ಲವನ್ನೂ ರೂಮಿನಲ್ಲೇ ಬಿಟ್ಟು, ಒಬ್ಬರ ಫೋನ್ ಮಾತ್ರ ತನ್ನಿ. ಒಳಗೆ ಫೋನ್ ಇಲ್ಲದ ಕಾರಣ, ತಪ್ಪಿಸಿಕೊಂಡರೆ ಎಲ್ಲಿ ಸೇರಬೇಕು ಎಂದು ಮೊದಲೇ ಜಾಗ ಗೊತ್ತು ಮಾಡಿ. ಮಕ್ಕಳ ಜೇಬಿನಲ್ಲಿ ನಿಮ್ಮ ನಂಬರ್ ಬರೆದ ಚೀಟಿ ಇರಲಿ. ಭುಜ, ಮಂಡಿ ಮುಚ್ಚುವ ಬಟ್ಟೆ ಹಾಕಿಕೊಳ್ಳಬೇಕು. ಅತ್ತೆಯವರಿಗೆ ಗಾಲಿಕುರ್ಚಿ ಸಿಗುತ್ತದೆ, ಮುಜುಗರ ಪಡದೆ ಕೇಳಿ.

ಇನ್ನು ನಾನು ಬಿಡಿ ಎನ್ನುವ ಜಾಗಗಳು. ಮೃಗಾಲಯ ಬೇಡ. ಮೈಸೂರಿನ ಮೃಗಾಲಯ ನೋಡಿದವರಿಗೆ ಇಲ್ಲಿ ಹೊಸದು ಕಡಿಮೆ, ನಡಿಗೆ ಜಾಸ್ತಿ. ಹಕ್ಕಿಗಳ ಮೇಲೆ ಆಸೆ ಇದ್ದರೆ ಮಾತ್ರ ಬೇರೆ ಮಾತು. ಮಳೆಗಾಲ ಮುಗಿಯುವ ಹೊತ್ತಿಗೆ ಬಣ್ಣದ ಕೊಕ್ಕರೆಗಳು ತಾವಾಗೇ ಬಂದು ಅಲ್ಲಿನ ಕೊಳಗಳ ಮರದಲ್ಲಿ ಗೂಡು ಕಟ್ಟುತ್ತವೆ, ಅಕ್ಟೋಬರ್‌ನಲ್ಲಿ ಮರಿಗಳ ಗದ್ದಲ ಕೇಳುತ್ತದೆ. ಲೋಟಸ್ ಟೆಂಪಲ್ ಹೊರಗಿನಿಂದ ಬಹಳ ಚೆಂದ. ಆದರೆ ಸಾಲು ಉದ್ದ, ಒಳಗೆ ಪೂರ್ತಿ ಮೌನ ಬೇಕು. ಐದು ವರ್ಷದ ಮಗುವಿನ ಜೊತೆ ಅದು ನಿಮಗೂ ಹಿಂಸೆ, ಪ್ರಾರ್ಥನೆಗೆ ಕೂತವರಿಗೂ ಹಿಂಸೆ.

ಕೆಂಪು ಕೋಟೆಯನ್ನು ಪೂರ್ತಿ ಬಿಡಿ ಎನ್ನಲಾರೆ. ಆದರೆ ಎಲ್ಲರೂ ಹೋಗಬೇಕಿಲ್ಲ. ಮನೆಮಂದಿ ಪ್ರವಾಸ ಅಂದರೆ ಹಗಲಿಡೀ ಆರೂ ಜನ ಒಟ್ಟಿಗೇ ಇರಬೇಕು ಎಂದು ಅಂದುಕೊಳ್ಳುತ್ತೇವೆ. ಅದರಿಂದಲೇ ಹೆಚ್ಚಿನ ಜಗಳ, ದಣಿವು. ಒಂದು ಬೆಳಿಗ್ಗೆ ತಂದೆ-ಮಗ ಇಬ್ಬರೇ ಮೆಟ್ರೋ ಹತ್ತಿ ಲಾಲ್ ಕಿಲಾ ಸ್ಟೇಷನ್ನಿನಲ್ಲಿ ಇಳಿಯಲಿ. ಶಹಜಹಾನ್ 1648ರಲ್ಲಿ ಮುಗಿಸಿದ ಕೋಟೆ ಅದು. ಒಳಗಿನ ದೂರಗಳು ಜಾಸ್ತಿ, ಬಿಸಿಲಿಗೆ ಮರೆ ಕಡಿಮೆ. ನೇತಾಜಿ ಮತ್ತು ಆಜಾದ್ ಹಿಂದ್ ಫೌಜ್ ಕುರಿತ ಮ್ಯೂಸಿಯಂ ಅಲ್ಲಿದೆ. ಆ ಸೈನಿಕರ ಮೇಲೆ ಬ್ರಿಟಿಷರು ವಿಚಾರಣೆ ನಡೆಸಿದ್ದೂ ಇದೇ ಕೋಟೆಯಲ್ಲಿ. ಇಂಡಿಯಾ ಗೇಟಿನ ಪ್ರತಿಮೆ ನೋಡಿದ ಮೇಲೆ ಇಲ್ಲಿಗೆ ಬಂದರೆ ಹುಡುಗನಿಗೆ ಎರಡೂ ಕೂಡಿಕೊಳ್ಳುತ್ತವೆ. ಎದುರಿಗೆ ಚಾಂದನಿ ಚೌಕ. ಅದರ ಮುಖ್ಯ ರಸ್ತೆಯಲ್ಲಿ ಹಗಲು ಹೊತ್ತು ಮೋಟಾರು ವಾಹನ ಬಿಡುವುದಿಲ್ಲ, ಆದರೂ ಜನಸಂದಣಿ ವಿಪರೀತ. ಹಿರಿಯರನ್ನು, ಸಣ್ಣ ಮಗುವನ್ನು ಅಲ್ಲಿಗೆ ಕರೆದೊಯ್ಯಬೇಡಿ.

ಅದೇ ಬೆಳಿಗ್ಗೆ ನೀವು, ಅತ್ತೆ-ಮಾವ, ಮಗಳು ಬಂಗ್ಲಾ ಸಾಹಿಬ್ ಗುರುದ್ವಾರಕ್ಕೆ ಹೋಗಿ. ಕನಾಟ್ ಪ್ಲೇಸ್ ಹತ್ತಿರ. ತಲೆಗೆ ಸೆರಗು ಅಥವಾ ಕರವಸ್ತ್ರ ಇರಬೇಕು. ವಿಶಾಲ ಕೊಳದ ಸುತ್ತ ಹಿರಿಯರು ನಿಧಾನವಾಗಿ ನಡೆಯಬಹುದು, ಒಳಗೆ ಕೀರ್ತನೆ ಕೇಳುತ್ತಾ ಎಷ್ಟು ಹೊತ್ತಾದರೂ ಕೂರಬಹುದು. ಲಂಗರ್‌ನಲ್ಲಿ ಎಲ್ಲರಿಗೂ ಊಟ ಬಡಿಸುತ್ತಾರೆ. ನೆಲದ ಮೇಲೆ ಕೂರುವುದು ಅತ್ತೆಯವರಿಗೆ ಆಗದಿದ್ದರೆ ಸೇವಾದಾರರಿಗೆ ಒಂದು ಮಾತು ಹೇಳಿ.

ಹಾಗಾದರೆ ನಾಲ್ಕು ದಿನ ಹೀಗೆ ಕೂರುತ್ತದೆ: ಬಂದಿಳಿದ ದಿನ ವಿಶ್ರಾಂತಿ ಮಾಡಿ ಸಂಜೆ ಇಂಡಿಯಾ ಗೇಟ್ ಮಾತ್ರ. ಎರಡನೇ ದಿನ ರೈಲ್ವೆ ಮ್ಯೂಸಿಯಂ, ತಾರಾಲಯ. ಮೂರನೇ ದಿನ ಹುಮಾಯೂನ್ ಸಮಾಧಿ, ಸಂಜೆ ಸುಂದರ್ ನರ್ಸರಿ. ಆ ದಿನ ಬೆಳಿಗ್ಗೆಗೆ ಕುತುಬ್ ಬೇಕಾದರೆ ಸಮಾಧಿ ಬಿಟ್ಟು ಸಂಜೆಗೆ ಉದ್ಯಾನವನ್ನಷ್ಟೇ ಉಳಿಸಿಕೊಳ್ಳಿ. ನಾಲ್ಕನೇ ದಿನ ಬೆಳಿಗ್ಗೆ ಎರಡು ತಂಡ, ಮಧ್ಯಾಹ್ನದಿಂದ ಅಕ್ಷರಧಾಮ. ಸೋಮವಾರ ಎಲ್ಲಿ ಬಿತ್ತೋ ಅಲ್ಲಿ ದಿನಗಳನ್ನು ಅದಲುಬದಲು ಮಾಡಿ. ಅನಿರೀಕ್ಷಿತ ಮಳೆ ಬಂದರೆ ಪ್ರಗತಿ ಮೈದಾನದ ಹತ್ತಿರದ ನ್ಯಾಷನಲ್ ಸೈನ್ಸ್ ಸೆಂಟರ್ ಇದೆ. ಬೆಂಗಳೂರಿನ ವಿಶ್ವೇಶ್ವರಯ್ಯ ಮ್ಯೂಸಿಯಂ ಮತ್ತು ಇದು ಒಂದೇ ಸಂಸ್ಥೆಯ ಕೈಕೆಳಗಿನವು. ಅದನ್ನು ಮಗ ಇಷ್ಟಪಟ್ಟಿದ್ದರೆ ಇದನ್ನೂ ಇಷ್ಟಪಡುತ್ತಾನೆ. ಮಗಳಿಗಾದರೆ ಐಟಿಓ ಹತ್ತಿರದ ಶಂಕರ್ ಅವರ ಗೊಂಬೆಗಳ ಮ್ಯೂಸಿಯಂ. ವ್ಯಂಗ್ಯಚಿತ್ರಕಾರ ಶಂಕರ್ 1965ರಲ್ಲಿ ಶುರು ಮಾಡಿದ್ದು. ದೇಶ-ವಿದೇಶಗಳ ಸಾವಿರಾರು ಗೊಂಬೆಗಳು ಅವರವರ ಉಡುಗೆಯಲ್ಲಿ ನಿಂತಿವೆ. ದಸರೆಗೆ ಮನೆಯಲ್ಲಿ ಗೊಂಬೆ ಕೂರಿಸುವ ಅಭ್ಯಾಸ ನಿಮಗಿದ್ದರೆ ಅತ್ತೆಯವರೂ ಖುಷಿಯಿಂದ ನೋಡುತ್ತಾರೆ.

ದಸರಾ ಸಮಯದ ದಿಲ್ಲಿಯಲ್ಲಿ ಪ್ರತಿ ಬಡಾವಣೆಯಲ್ಲೂ ರಾಮಲೀಲಾ ಇರುತ್ತದೆ. ವಿಜಯದಶಮಿ ಸಂಜೆ ರಾವಣನ ಪ್ರತಿಕೃತಿ ಸುಡುತ್ತಾರೆ. ಮಕ್ಕಳಿಗೆ ಖಂಡಿತ ತೋರಿಸಿ, ಆದರೆ ಕೆಂಪು ಕೋಟೆಯ ಮೈದಾನಕ್ಕೆ ಹೋಗಬೇಡಿ. ಅಲ್ಲಿ ಗಣ್ಯರು ಬರುತ್ತಾರೆ, ರಸ್ತೆ ಮುಚ್ಚುತ್ತಾರೆ, ನೂಕುನುಗ್ಗಲು ಜಾಸ್ತಿ. ನೀವು ಉಳಿದಿರುವ ಹೋಟೆಲಿನವರನ್ನು ಕೇಳಿ, ಹತ್ತಿರದ ಸಣ್ಣ ಮೈದಾನ ಹೇಳುತ್ತಾರೆ. ಸ್ವಲ್ಪ ದೂರ ನಿಂತೇ ನೋಡಿ, ಪಟಾಕಿ ಸದ್ದಿಗೆ ಸಣ್ಣ ಮಕ್ಕಳು ಹೆದರುತ್ತಾರೆ.

ಓಡಾಟಕ್ಕೆ ಮೆಟ್ರೋ ಒಳ್ಳೆಯದು, ಆದರೆ ಎಲ್ಲಕ್ಕೂ ಅಲ್ಲ. ಸ್ಟೇಷನ್‌ಗಳಲ್ಲಿ ಲಿಫ್ಟ್ ಇದೆ. ಆದರೆ ರಾಜೀವ್ ಚೌಕ್, ಕಾಶ್ಮೀರಿ ಗೇಟ್‌ನಂಥ ಕಡೆ ಒಂದು ಮಾರ್ಗದಿಂದ ಇನ್ನೊಂದಕ್ಕೆ ಬದಲಾಯಿಸಲು ಬಹಳ ನಡೆಯಬೇಕು, ಆಫೀಸಿನ ಹೊತ್ತಿನಲ್ಲಿ ಕಾಲಿಡಲೂ ಜಾಗ ಇರುವುದಿಲ್ಲ. ಅತ್ತೆಯವರು ಜೊತೆಗಿದ್ದಾಗ ಆರು ಜನ ಕೂರುವ ಟ್ಯಾಕ್ಸಿ ಮಾಡಿ. ಒಂದೆರಡು ಸಲ ಮಕ್ಕಳ ಸಂತೋಷಕ್ಕೆ ಮೆಟ್ರೋ ಹತ್ತಿಸಿ. ಅಕ್ಷರಧಾಮಕ್ಕೆ ಅದೇ ಹೆಸರಿನ ಸ್ಟೇಷನ್ ಇದೆ. ರೈಲು ಹೋಗುವ ದಿಕ್ಕಿನ ಮೊದಲ ಬೋಗಿ ಹೆಂಗಸರಿಗೆ ಮೀಸಲು, ಅಲ್ಲಿ ನಿಮಗೆ, ಅತ್ತೆಯವರಿಗೆ ಸೀಟು ಸಿಗುವ ಸಾಧ್ಯತೆ ಜಾಸ್ತಿ. ವಿಮಾನದಲ್ಲಿ ಬಂದರೆ ಏರ್‌ಪೋರ್ಟ್ ಎಕ್ಸ್‌ಪ್ರೆಸ್ ಮೆಟ್ರೋ ನೇರವಾಗಿ ನ್ಯೂ ಡೆಲ್ಲಿ ಸ್ಟೇಷನ್ ತಲುಪಿಸುತ್ತದೆ. ರೈಲಿನಲ್ಲಿ ಬರುವುದಾದರೆ ಸ್ಟೇಷನ್ನಿನ ಹೊರಗೆ "ನಿಮ್ಮ ಹೋಟೆಲ್ ಬುಕಿಂಗ್ ರದ್ದಾಗಿದೆ, ಬನ್ನಿ ಸರ್ಕಾರಿ ಟೂರಿಸ್ಟ್ ಆಫೀಸಿಗೆ" ಎನ್ನುವವರ ಮಾತು ಕೇಳಬೇಡಿ. ನಿಂತು ವಾದಿಸುವುದೂ ಬೇಡ, ಹೋಟೆಲಿಗೆ ನೀವೇ ಫೋನ್ ಮಾಡಿ.

ಊಟದ ಚಿಂತೆ ಬೇಡ. ಕನಾಟ್ ಪ್ಲೇಸ್, ಕರೋಲ್ ಬಾಗ್ ಕಡೆ ದಕ್ಷಿಣದ ಹೋಟೆಲ್‌ಗಳಿವೆ, ಇಡ್ಲಿ, ಮೊಸರನ್ನ ಸಿಗುತ್ತದೆ. ಉಳಿದುಕೊಳ್ಳಲೂ ಆ ಕಡೆಯೇ ನೋಡಿದರೆ ಸುತ್ತಾಟ ಸುಲಭ. ನವರಾತ್ರಿಯಲ್ಲಿ ಅನೇಕ ಹೋಟೆಲ್‌ಗಳು ಈರುಳ್ಳಿ-ಬೆಳ್ಳುಳ್ಳಿ ಇಲ್ಲದ ವ್ರತದ ಥಾಲಿ ಮಾಡುತ್ತವೆ, ಹಿರಿಯರು ಉಪವಾಸ ಇದ್ದರೆ ಅನುಕೂಲ. ಮಕ್ಕಳಿಗೆ ಮೊದಲ ಎರಡು ದಿನ ಬೀದಿಯ ಗೋಲ್‌ಗಪ್ಪಾ, ಕತ್ತರಿಸಿಟ್ಟ ಹಣ್ಣು ಕೊಡಬೇಡಿ. ಒಬ್ಬರ ಹೊಟ್ಟೆ ಕೆಟ್ಟರೆ ನಾಲ್ಕು ದಿನವೂ ಕೆಟ್ಟಂತೆ.

ಕೊನೆಗೆ ಆಗ್ರಾ. ತಾಜ್ ನೋಡದೆ ಹೇಗೆ ಬರುವುದು ಎಂದು ಮಾವನವರು ಕೇಳಬಹುದು. ನಾಲ್ಕೇ ದಿನ ಇದ್ದರೆ ನಾನು ಬೇಡ ಎನ್ನುತ್ತೇನೆ. ರಸ್ತೆಯಲ್ಲಿ ಹೋಗಿ ಬರುವುದೇ ಏಳೆಂಟು ಗಂಟೆ ಆಗಬಹುದು. ಇನ್ನೊಂದು ದಿನ ಸೇರಿಸಲು ಸಾಧ್ಯವಾದರೆ ಹಜ್ರತ್ ನಿಜಾಮುದ್ದೀನ್ ಸ್ಟೇಷನ್ನಿನಿಂದ ಬೆಳಿಗ್ಗೆ ಹೊರಡುವ ಗತಿಮಾನ್ ಎಕ್ಸ್‌ಪ್ರೆಸ್ ಹಿಡಿಯಿರಿ, ಎರಡು ಗಂಟೆಯೊಳಗೆ ಆಗ್ರಾ ಮುಟ್ಟಿಸುತ್ತದೆ, ಸಂಜೆ ಅದೇ ರೈಲಿನಲ್ಲಿ ವಾಪಸ್. ಶುಕ್ರವಾರ ತಾಜ್‌ಗೆ ರಜೆ, ಆ ರೈಲೂ ಓಡುವುದಿಲ್ಲ. ದಸರಾ ಸಮಯದಲ್ಲಿ ಸೀಟು ಬೇಗ ತುಂಬುತ್ತದೆ, ಊರಿನಿಂದ ಹೊರಡುವ ಮುಂಚೆಯೇ ಬುಕ್ ಮಾಡಿ. ಕುತುಬ್, ಹುಮಾಯೂನ್ ಸಮಾಧಿ, ಕೆಂಪು ಕೋಟೆಯ ಟಿಕೆಟ್ ಕೂಡ ಆನ್‌ಲೈನ್‌ನಲ್ಲಿ ಸಿಗುತ್ತದೆ, ಸಾಲು ತಪ್ಪುತ್ತದೆ. ಈ ಪುರಾತತ್ವ ಇಲಾಖೆಯ ಸ್ಮಾರಕಗಳಲ್ಲಿ 15 ವರ್ಷದೊಳಗಿನವರಿಗೆ ಟಿಕೆಟ್ ಬೇಕಿಲ್ಲ. ಇಬ್ಬರು ಮಕ್ಕಳ ಆಧಾರ್ ಕಾರ್ಡ್ ಮಾತ್ರ ಮರೆಯದೆ ಇಟ್ಟುಕೊಳ್ಳಿ.